ಮೂರು ಗಂಟೆ ಬಾಹ್ಯಾಕಾಶ, ನಗು ಮಾತ್ರ ಎಣಿಸಿದಷ್ಟು

ಒಬ್ಬ ವಿಮರ್ಶಕ ಸಿನಿಮಾ ಮಾಡಿ ಸೋತರೆ ಜನ ಮೊದಲು ಆಡುವ ಮಾತು ಒಂದೇ. "ಬೇರೆಯವರನ್ನ ಬೈಯೋದು ಸುಲಭ, ಈಗ ಗೊತ್ತಾಯ್ತಾ?" ನನಗೆ ಈ ಮಾತು ಸರಿ ಬರಲ್ಲ. ಅಡುಗೆ ಬಾರದವನಿಗೂ ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎನ್ನುವ ಹಕ್ಕಿದೆ. ಹಾಗಾಗಿ ಇವತ್ತಿನ ಸಿನಿಮಾವನ್ನು ಆ ಕಾರಣಕ್ಕೆ ಬೈಯಲ್ಲ. ಬೈಯೋಕೆ ಬೇರೆ ಕಾರಣ ಇದೆ.

ಸಿನಿಮಾದ ಹೆಸರು 'ಟು ಬೋಲ್ಡ್ಲಿ ಫ್ಲೀ'. 2012ರದ್ದು. ಮಾಡಿದವರು ಅಮೆರಿಕದ ಚಾನೆಲ್ ಆಸಮ್ ತಂಡ, ಅಂದರೆ ತಮ್ಮದೇ ವೆಬ್‌ಸೈಟಿನಲ್ಲಿ ವಿಡಿಯೊ ವಿಮರ್ಶೆ ಹಾಕುತ್ತಿದ್ದವರು. ಡಗ್ ವಾಕರ್ ಎಂಬಾತ ಕಪ್ಪು ಕೋಟು, ಕೆಂಪು ಟೈ, ತಲೆಗೊಂದು ಟೋಪಿ ಹಾಕಿಕೊಂಡು 'ನಾಸ್ಟಾಲ್ಜಿಯಾ ಕ್ರಿಟಿಕ್' ಆಗಿ ಹಳೆಯ ಸಿನಿಮಾಗಳ ಮೇಲೆ ಕಿರುಚಾಡುತ್ತಿದ್ದ. ಇವತ್ತು ಸಿನಿಮಾ ತುಣುಕು ಹಾಕಿ, ನಡುನಡುವೆ ಮುಖ ತೋರಿಸಿ ಗೇಲಿ ಮಾಡುವ ಚಾನೆಲ್‌ಗಳು ನಮ್ಮಲ್ಲೂ ಎಷ್ಟೊಂದಿವೆ, ಅಲ್ವಾ? ಆ ಶೈಲಿಗೆ ದೊಡ್ಡ ಹೆಸರು ತಂದವರಲ್ಲಿ ಈತನೂ ಒಬ್ಬ.

ಪ್ರತಿ ವರ್ಷ ಸೈಟಿನ ವಾರ್ಷಿಕೋತ್ಸವಕ್ಕೆ ಇವರೆಲ್ಲ ಒಂದು ಕಡೆ ಸೇರಿ ಏನಾದರೂ ಮಾಡುತ್ತಿದ್ದರು. 2010ರಲ್ಲಿ ನೆವಾಡಾದಲ್ಲಿರುವ ಮೊಲೋಸಿಯಾಕ್ಕೆ ಹೋದರು. ಅದು ಒಬ್ಬ ಮನುಷ್ಯ ತನ್ನ ಜಾಗವನ್ನೇ ದೇಶ ಎಂದು ಘೋಷಿಸಿಕೊಂಡ ಸ್ಥಳ. ಅಲ್ಲಿ ದಂಗೆ ಎದ್ದು ದೇಶ ಹಿಡಿಯುವ ತಮಾಷೆ ಮಾಡಿದರು. 2011ರಲ್ಲಿ ಫ್ಯಾಂಟಸಿ ಸಿನಿಮಾಗಳ ವೇಷ ತೊಟ್ಟು ಬಡಾವಣೆಯ ರಸ್ತೆಗಳಲ್ಲಿ ಓಡಾಡಿದರು. ಎರಡೂ ಕಚ್ಚಾ ಕೆಲಸ, ಆದರೆ ಹುಡುಗಾಟ ಇತ್ತು. ಹಾಗಾಗಿ ಮೂರನೆಯದು ಸೈನ್ಸ್ ಫಿಕ್ಷನ್ ಅಣಕು ಎಂದಾಗ ನಾನು ಖುಷಿಯಿಂದಲೇ ಕೂತೆ.

ಕಥೆ ಶುರುವಾಗುವ ಜಾಗ ನಿಜಕ್ಕೂ ಚೆನ್ನಾಗಿದೆ. ಸಿನಿಮಾ ತುಣುಕುಗಳನ್ನು ಬಳಸಿದ್ದಕ್ಕೆ ಕ್ರಿಟಿಕ್‌ಗೆ ಗೃಹಬಂಧನ. ಅತ್ತ ಬಾಹ್ಯಾಕಾಶದಲ್ಲಿ ಒಂದು 'ಪ್ಲಾಟ್ ಹೋಲ್' ತೆರೆದುಕೊಂಡಿದೆ. ಪ್ಲಾಟ್ ಹೋಲ್ ಅಂದರೆ ಕಥೆಯಲ್ಲಿ ಲಾಜಿಕ್ ತಪ್ಪಿದ ಜಾಗ, ವಿಮರ್ಶಕರು ಹಿಡಿದು ಜಾಡಿಸುವುದೇ ಅದನ್ನು. ಇಲ್ಲಿ ಅದು ಕಪ್ಪು ರಂಧ್ರದ ಹಾಗೆ ಎಲ್ಲವನ್ನೂ ನುಂಗಲು ಹೊರಟಿದೆ. ಮನೆ ಬಿಟ್ಟು ಹೊರಗೆ ಹೋಗುವ ಹಾಗಿಲ್ಲ, ಆದರೆ ಬಾಹ್ಯಾಕಾಶಕ್ಕೆ ಹೋಗಬೇಕು. ಉಪಾಯ? ಮನೆಯನ್ನೇ ಹಡಗು ಮಾಡುವುದು! ಆ ಹಡಗಿಗೆ ಇಟ್ಟ ಹೆಸರು 'ಯುಎಸ್ಎಸ್ ಎಕ್ಸಿಟ್ ಸ್ಟ್ರಾಟಜಿ'. ಹೆಂಚು, ಕಿಟಕಿ, ಬಾಗಿಲು ಎಲ್ಲ ಇರುವ ಒಂದು ಮನೆ ನಕ್ಷತ್ರಗಳ ನಡುವೆ ತೇಲುತ್ತಿರುತ್ತದೆ. ನಾನು ಜೋರಾಗಿ ನಕ್ಕ ಜಾಗ ಅದು.

ಇದರ ಹಿಂದೆ ಒಂದು ನಿಜವಾದ ಭಯವೂ ಇತ್ತು. 2011ರ ಕೊನೆಯಲ್ಲಿ ಅಮೆರಿಕದ ಸಂಸತ್ತಿಗೆ ಸೋಪಾ ಎಂಬ ಮಸೂದೆ ಬಂದಿತ್ತು. ಪೈರಸಿ ತಡೆಯುವ ಹೆಸರಿನಲ್ಲಿ ಇಡೀ ವೆಬ್‌ಸೈಟುಗಳನ್ನೇ ಮುಚ್ಚಿಸುವ ಅಧಿಕಾರ ಸಿಗುತ್ತದೆ ಎಂದು ಜನ ಗಾಬರಿಯಾಗಿದ್ದರು. 2012ರ ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯ ಇಡೀ ದಿನ ಬಾಗಿಲು ಹಾಕಿಕೊಂಡು ಪ್ರತಿಭಟಿಸಿತು. ಮಸೂದೆ ಮೂಲೆ ಸೇರಿತು. ಬೇರೆಯವರ ಸಿನಿಮಾದ ತುಣುಕು ಹಾಕಿಯೇ ಹೊಟ್ಟೆ ಹೊರೆಯುವ ವಿಮರ್ಶಕರಿಗೆ ಇದು ತಮಾಷೆ ವಿಷಯ ಆಗಿರಲಿಲ್ಲ. ಕಾಪಿರೈಟ್ ಕ್ಲೇಮ್ ಬಂದು ರಾತ್ರೋರಾತ್ರಿ ವಿಡಿಯೊ ಮಾಯವಾಗುವುದು ಏನು ಅಂತ ಈ ಕೆಲಸ ಮಾಡುವ ಯಾರನ್ನಾದರೂ ಕೇಳಿ. ಅಂದರೆ ಇವರ ಕೈಯಲ್ಲಿ ಇವರಷ್ಟೇ ಹೇಳಬಹುದಾದ ಒಂದು ಕಥೆ ಇತ್ತು. ಹಾಲಿವುಡ್‌ಗೆ ಅದು ಬೇಕಿರಲಿಲ್ಲ. ಬೇರೆ ಯಾರಿಗೂ ಅದು ಗೊತ್ತಿರಲಿಲ್ಲ.

ಅದನ್ನ ಏನು ಮಾಡಿದರು? ಕೈಬಿಟ್ಟರು!

ಮನೆ ಮೇಲೆ ಹಾರಿದ ಮೇಲೆ ಸಿನಿಮಾ ಬರೀ ಹಾಜರಿ ಹಾಕುತ್ತದೆ. 'ಸೂಪರ್‌ಮ್ಯಾನ್' ಚಿತ್ರದ ಜನರಲ್ ಝಾಡ್ ಬಂದ. 'ಬ್ಯಾಟಲ್‌ಫೀಲ್ಡ್ ಅರ್ತ್' ಚಿತ್ರದ ಟೆರ್ಲ್ ಬಂದ. ಸ್ಟಾರ್ ಟ್ರೆಕ್ ಬಂತು, ಸ್ಟಾರ್ ವಾರ್ಸ್ ಬಂತು. ಸರಿ, ಗುರುತು ಸಿಕ್ಕಿತು. ಆಮೇಲೆ? ಗುರುತು ಹಿಡಿದ ಖುಷಿ ಒಂದು ಕ್ಷಣದ್ದು. ಅದಾದ ಮೇಲೆ ಆ ಪಾತ್ರ ಏನಾದರೂ ಮಾಡಬೇಕು. ಇಲ್ಲಿ ಪಾತ್ರಗಳು ನಿಂತು ಮಾತಾಡುತ್ತವೆ. ತುಂಬಾ ಮಾತಾಡುತ್ತವೆ. ಒಟ್ಟು ಅವಧಿ ಮೂರು ಗಂಟೆ ದಾಟುತ್ತದೆ. ಕಂತುಗಳಲ್ಲಿ ಬಿಟ್ಟಿದ್ದರಿಂದ ಆಗ ನೋಡಿದವರಿಗೆ ಅಷ್ಟು ಭಾರ ಅನಿಸಿರಲಿಕ್ಕಿಲ್ಲ. ಒಟ್ಟಿಗೆ ನೋಡಿದರೆ ಬೆನ್ನು ನೋಯುತ್ತದೆ.

ಇಲ್ಲಿ ನನಗೆ ನಿಜಕ್ಕೂ ಬೇಜಾರಾಗಿದ್ದು. ಕ್ರಿಟಿಕ್‌ನ ವಾರದ ವಿಡಿಯೊಗಳ ಜೀವವೇ ಕತ್ತರಿ. ಒಂದೂವರೆ ಗಂಟೆಯ ಸಿನಿಮಾವನ್ನು ಅರ್ಧ ಗಂಟೆಗೂ ಕಡಿಮೆಗೆ ಇಳಿಸಿ, ಎಲ್ಲಿ ಎಳೆದಿದ್ದಾರೆ ಎಂದು ಸರಿಯಾಗಿ ಬೆರಳಿಟ್ಟು ತೋರಿಸುತ್ತಿದ್ದ ಮನುಷ್ಯ. ತನ್ನ ಸಿನಿಮಾಕ್ಕೆ ಬಂದಾಗ ಆ ಕತ್ತರಿಯನ್ನು ಡ್ರಾಯರ್‌ನಲ್ಲಿಟ್ಟು ಬೀಗ ಹಾಕಿದ. ಬೇರೆಯವರು ಇದೇ ಸಿನಿಮಾ ಮಾಡಿದ್ದರೆ ಆತನ ವಿಮರ್ಶೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ನೋಡುತ್ತಲೇ ಯೋಚಿಸುತ್ತಿದ್ದೆ.

ದುಡ್ಡಿರಲಿಲ್ಲ, ಹವ್ಯಾಸಿಗಳು, ಬಿಟ್ಟುಬಿಡಿ ಅಂತೀರಾ? ಹಾಗಾದರೆ 1978ರ 'ಹಾರ್ಡ್‌ವೇರ್ ವಾರ್ಸ್' ನೋಡಿ. ಸ್ಟಾರ್ ವಾರ್ಸ್ ಬಂದ ಮರುವರ್ಷ ಅರ್ನಿ ಫೊಸೆಲಿಯಸ್ ಮಾಡಿದ ಅಣಕು. ಖರ್ಚು ಸುಮಾರು 8,000 ಡಾಲರ್, ಉದ್ದ 13 ನಿಮಿಷ. ಬಾಹ್ಯಾಕಾಶ ಹಡಗಿನ ಜಾಗದಲ್ಲಿ ಬಟ್ಟೆ ಇಸ್ತ್ರಿ ಮಾಡುವ ಪೆಟ್ಟಿಗೆ ಹಾರುತ್ತದೆ. ಟೋಸ್ಟರ್‌ಗಳೂ ಹಾರುತ್ತವೆ. ಕತ್ತಿಯ ಬದಲು ಟಾರ್ಚು. ರಾಜಕುಮಾರಿಯ ಕಿವಿಯ ಹತ್ತಿರದ ತುರುಬುಗಳು ನಿಜವಾದ ಬನ್ನುಗಳು. ಇಸ್ತ್ರಿ ಪೆಟ್ಟಿಗೆಯನ್ನು ದಾರಕ್ಕೆ ಕಟ್ಟಿದ್ದಾರೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಮುಚ್ಚುವ ಪ್ರಯತ್ನವನ್ನೇ ಮಾಡಿಲ್ಲ. ಬಡತನವೇ ಅಲ್ಲಿ ಜೋಕು.

ಇಲ್ಲ, ಉದ್ದದ ಸಿನಿಮಾನೇ ಬೇಕು ಅಂದರೆ ಫಿನ್ಲೆಂಡ್‌ನ 'ಸ್ಟಾರ್ ರೆಕ್: ಇನ್ ದ ಪಿರ್ಕಿನಿಂಗ್' ಇದೆ. ಸಾಮುಲಿ ಟೊರ್ಸೊನೆನ್ ಮತ್ತು ಗೆಳೆಯರು ಸುಮಾರು ಏಳು ವರ್ಷ ಕೂತು, ತಮ್ಮ ಫ್ಲಾಟ್‌ನಲ್ಲೇ ನೀಲಿ ಪರದೆ ಕಟ್ಟಿ ಚಿತ್ರೀಕರಿಸಿ, 2005ರಲ್ಲಿ ಇಂಟರ್ನೆಟ್‌ಗೆ ಸುಮ್ನೆ ಉಚಿತವಾಗಿ ಬಿಟ್ಟರು. ಅದರ ನಿರ್ದೇಶಕ ಟಿಮೊ ವುವೊರೆನ್ಸೊಲಾ 2012ರಲ್ಲಿ ಚಂದ್ರನ ಮೇಲೆ ನಾಜಿಗಳಿರುವ 'ಐರನ್ ಸ್ಕೈ' ಹಿಡಿದು ಬರ್ಲಿನ್ ಚಿತ್ರೋತ್ಸವಕ್ಕೆ ಹೋದ. ಅದೇ ವರ್ಷ ನಮ್ಮ ಈ ಮನೆ ಬಾಹ್ಯಾಕಾಶಕ್ಕೆ ಹಾರಿದ್ದು.

ಹಾಗಾದರೆ ಎಡವಿದ್ದೆಲ್ಲಿ? ನನ್ನ ಪ್ರಕಾರ ಅಳುವಿನಲ್ಲಿ. ಡಗ್ ವಾಕರ್‌ಗೆ ಆಗ ಕ್ರಿಟಿಕ್ ಪಾತ್ರ ಸಾಕಾಗಿತ್ತು. ಆ ಪಾತ್ರಕ್ಕೆ ವಿದಾಯ ಹೇಳಲು ಈ ಸಿನಿಮಾ ಬೇಕಿತ್ತು. ಹಾಗಾಗಿ ಹಿಂದಿನ ಸಿನಿಮಾದಲ್ಲಿ ಸತ್ತ ಪಾತ್ರವೊಂದರ ಬಗ್ಗೆ ಪಶ್ಚಾತ್ತಾಪ, ಗೆಳೆತನದ ಭಾಷಣ, ತ್ಯಾಗ. ಅಣಕು ಸಿನಿಮಾದಲ್ಲಿ ಅಳು ಬರಬಾರದು ಅಂತಲ್ಲ. ನಮ್ಮ ಕಂಪನಿ ನಾಟಕಗಳಲ್ಲಿ ನಗಿಸುತ್ತಲೇ ಅಳಿಸಿದವರು ಎಷ್ಟೋ ಜನ. ಆದರೆ ಇಲ್ಲಿ ಹಿಂದಿನ ಸಿನಿಮಾಗಳನ್ನು ನೋಡದವನಿಗೆ ಆ ಸತ್ತವನು ಯಾರು ಅಂತಲೇ ಗೊತ್ತಿಲ್ಲ. ಯಾರದ್ದೋ ಕಾಲೇಜಿನ ಬೀಳ್ಕೊಡುಗೆಯಲ್ಲಿ ಪರಿಚಯವೇ ಇಲ್ಲದವರ ಮಧ್ಯೆ ಕೂತಿದ್ದೆ ಅನಿಸಿತು.

ಇನ್ನೊಂದು ವಿಷಯ ಬೇಗ ಹೇಳಿ ಮುಂದೆ ಹೋಗ್ತೀನಿ. 2018ರಲ್ಲಿ ಆ ತಂಡದಲ್ಲಿ ಹಿಂದೆ ಇದ್ದ ಹಲವರು ಸೇರಿ ಒಂದು ಉದ್ದದ ದೂರಿನ ದಾಖಲೆ ಹೊರತಂದರು. ಈ ವಾರ್ಷಿಕೋತ್ಸವದ ಚಿತ್ರೀಕರಣಗಳ ಬಗ್ಗೆಯೂ ಅದರಲ್ಲಿ ದೂರುಗಳಿದ್ದವು. ಅದನ್ನು ಓದಿದ ಮೇಲೆ ಹಿಂದಿನ ಸಾಲಿನಲ್ಲಿ ನಿಂತವರ ದಣಿದ ಮುಖಗಳೇ ಕಣ್ಣಿಗೆ ಬೀಳುತ್ತವೆ.

ಆದರೂ ಒಂದು ದೃಶ್ಯಕ್ಕಾಗಿ ಕೊನೆಯ ಭಾಗ ನೋಡಿ ಅಂತೀನಿ. ಕ್ರಿಟಿಕ್ ಆ ಪ್ಲಾಟ್ ಹೋಲ್ ಒಳಗೆ ಹೋಗುತ್ತಾನೆ. ಅಲ್ಲಿ ತನ್ನನ್ನು ಬರೆದ ಡಗ್ ವಾಕರ್‌ನನ್ನೇ ಭೇಟಿಯಾಗುತ್ತಾನೆ. ಪಾತ್ರ ಮತ್ತು ಬರೆದವನು, ಎದುರುಬದುರು, ಒಂದೇ ಮುಖ. ರಾಕೆಟ್ ಇಲ್ಲ, ವೇಷ ಇಲ್ಲ, ಖರ್ಚೂ ಇಲ್ಲ. ಇಡೀ ಸಿನಿಮಾದಲ್ಲಿ ನಾನು ಫೋನ್ ಕೆಳಗಿಟ್ಟು ನೋಡಿದ್ದು ಇದನ್ನೇ. ಆಮೇಲೆ ಕ್ರಿಟಿಕ್ ಜಗತ್ತನ್ನು ಉಳಿಸಲು ತನ್ನನ್ನೇ ಕೊಟ್ಟುಕೊಳ್ಳುತ್ತಾನೆ. ಸಂಗೀತ ಏರುತ್ತದೆ, ಎಲ್ಲರೂ ದುಃಖದಲ್ಲಿ ಮುಳುಗುತ್ತಾರೆ.

ಪಾತ್ರವನ್ನು ಹೀಗೆ ಕಳಿಸಿಕೊಟ್ಟ ಡಗ್ ವಾಕರ್ ಹೊಸ ಸರಣಿ ಶುರು ಮಾಡಿದ. ಅದು ಅಷ್ಟಾಗಿ ಓಡಲಿಲ್ಲ. 2013ರ ಜನವರಿಯಲ್ಲಿ ಕ್ರಿಟಿಕ್ ಅದೇ ಟೋಪಿ, ಅದೇ ಟೈ ಹಾಕಿಕೊಂಡು ವಾಪಸ್ ಬಂದ.