ಬೋಗಿಯ ಕೊನೆಯ ಬಿಸಿನೀರಿನ ನಲ್ಲಿ

ನಮಸ್ಕಾರ.

ಚೀನಾದ ಮಾಮೂಲಿ ರೈಲು ಹತ್ತಿದರೆ ಪ್ರತಿ ಬೋಗಿಯ ಕೊನೆಯಲ್ಲಿ ಒಂದು ಸ್ಟೀಲಿನ ಬಾಯ್ಲರ್ ಕಾಣಿಸುತ್ತದೆ. ಅದಕ್ಕೊಂದು ನಲ್ಲಿ. ತಿರುಗಿಸಿದರೆ ಕುದಿಯುವ ನೀರು, ಹಗಲು ರಾತ್ರಿ, ಒಂದು ಪೈಸೆ ಕೊಡಬೇಕಿಲ್ಲ. ಚೀನೀ ಭಾಷೆಯಲ್ಲಿ ಖಾಯ್ ಶ್ವೇ ಅನ್ನುತ್ತಾರೆ, ಕುದಿಸಿದ ನೀರು ಅಂತ. ನಾನು ಆ ದೇಶದಲ್ಲಿ ಕಲಿತ ಮೊದಲ ಮಾತು ಇದೇ. ಮೂರು ವಾರ ಬೆನ್ನಿಗೊಂದು ಬ್ಯಾಗು ಹಾಕಿಕೊಂಡು ಒಬ್ಬಳೇ ರೈಲಿನಲ್ಲಿ ಓಡಾಡಿದೆ. ದುಡ್ಡು ಲೆಕ್ಕದ್ದು. ಊಟ, ವಸತಿ, ಓಡಾಟ ಎಲ್ಲ ಸೇರಿ ದಿನಕ್ಕೆ 250 ಯುವಾನ್, ಅಂದರೆ ಸುಮಾರು ಮೂರು ಸಾವಿರ ರೂಪಾಯಿ ಮೀರಬಾರದು ಅಂತ ಹಾಕಿಕೊಂಡಿದ್ದೆ. ಅಷ್ಟರಲ್ಲೇ ಆಯಿತು. ಹೇಗೆ ಆಯಿತು ಅನ್ನುವುದನ್ನು ಹೇಳುತ್ತೇನೆ.

ಚೀನಾದ ರೈಲು ಅಂದರೆ ನಮಗೆಲ್ಲ ನೆನಪಾಗುವುದು ಗಂಟೆಗೆ 300, 350 ಕಿಲೋಮೀಟರ್ ಓಡುವ ಬಿಳಿ ಬಾಣದಂಥ ಗಾಡಿ. ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅದರ ಹಿಂದೆಯೇ, ಹಳೇ ಹಳಿಗಳ ಮೇಲೆ, ಹಸಿರು ಬಣ್ಣದ ಇನ್ನೊಂದು ರೈಲು ಓಡುತ್ತಿದೆ. ಜನ ಅದನ್ನು ಹಸಿರು ಚರ್ಮದ ಗಾಡಿ ಅಂತಲೇ ಕರೆಯುತ್ತಾರೆ. ಕಡಿಮೆ ದುಡ್ಡಿನಲ್ಲಿ ತಿರುಗುವವರಿಗೆ ಆ ಹಸಿರು ಗಾಡಿಯೇ ಸರಿ. ದುಡ್ಡಿದ್ದವರಿಗೂ ನಾನು ಅದನ್ನೇ ಹತ್ತಿ ಅನ್ನುತ್ತೇನೆ.

ಗುರುತಿಸುವುದು ಸುಲಭ. ರೈಲಿನ ನಂಬರಿನ ಮುಂದೆ ಜಿ, ಡಿ ಅಥವಾ ಸಿ ಅಕ್ಷರ ಇದ್ದರೆ ವೇಗದ್ದು, ದುಬಾರಿ. ಝಡ್, ಟಿ, ಕೆ ಇದ್ದರೆ ಮಾಮೂಲಿ ಗಾಡಿ. ಅಕ್ಷರವೇ ಇಲ್ಲದೆ ಬರೀ ನಾಲ್ಕು ಅಂಕಿ ಇದ್ದರೆ ಎಲ್ಲಕ್ಕಿಂತ ನಿಧಾನ, ಎಲ್ಲಕ್ಕಿಂತ ಅಗ್ಗ. ಬೀಜಿಂಗಿನಿಂದ ಶಿಆನ್‌ಗೆ ಹತ್ತಿರ ಹತ್ತಿರ 1,200 ಕಿಲೋಮೀಟರ್. ವೇಗದ ರೈಲಿನಲ್ಲಿ ಐದಾರು ಗಂಟೆ, ಟಿಕೆಟ್ 500 ಯುವಾನ್ ದಾಟುತ್ತದೆ. ಮಾಮೂಲಿ ಗಾಡಿಯಲ್ಲಿ ಮಲಗಿಕೊಂಡು ಹೋದರೆ 260, 270ರ ಆಸುಪಾಸು. ಕೂತೇ ಹೋಗುತ್ತೇನೆ ಅಂದರೆ ಇನ್ನೂ ಕಡಿಮೆ, 150ರ ಹತ್ತಿರ. ಈ ಹಳೇ ಗಾಡಿಗಳ ಮೂಲ ದರವನ್ನು 1995ರಿಂದ ಏರಿಸಿಲ್ಲ. ಅದಕ್ಕೇ ಇಷ್ಟು ಅಗ್ಗ. ಮೇಲಾಗಿ ರಾತ್ರಿ ರೈಲಿನಲ್ಲಿ ಮಲಗಿದರೆ ಆವತ್ತಿನ ರೂಮು ಬಾಡಿಗೆಯೂ ಉಳಿಯಿತು, ಅಲ್ವಾ?

ಟಿಕೆಟ್ ತೆಗೆಯಲು 12306 ಅಂತ ಅಲ್ಲಿನ ರೈಲ್ವೆಯದ್ದೇ ಆಪ್ ಇದೆ, ಇಂಗ್ಲಿಷಿನಲ್ಲೂ ಸಿಗುತ್ತದೆ. 15 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ. ಪಾಸ್‌ಪೋರ್ಟ್ ವಿವರ ಹಾಕಿ, ಅವರು ಪರಿಶೀಲಿಸಿ ಒಪ್ಪಬೇಕು. ಆ ಕೆಲಸವನ್ನು ಊರು ಬಿಡುವ ಮೊದಲೇ ಮುಗಿಸಿಕೊಳ್ಳಿ. ಕಾಗದದ ಟಿಕೆಟ್ ಈಗ ಬೇಕಿಲ್ಲ, ನಿಮ್ಮ ಪಾಸ್‌ಪೋರ್ಟೇ ಟಿಕೆಟ್. ಆಪ್ ಕೈಕೊಟ್ಟರೆ ಪಾಸ್‌ಪೋರ್ಟ್ ಹಿಡಿದುಕೊಂಡು ಸ್ಟೇಷನ್ನಿನ ಕೌಂಟರಿಗೆ ಹೋಗಿ, ರೈಲಿನ ನಂಬರು ಮತ್ತು ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ತೋರಿಸಿದರೆ ಸಾಕು. ಖರ್ಚಿಗೆ ನಮ್ಮ ಯುಪಿಐ ಅಲ್ಲಿ ಬರುವುದಿಲ್ಲ. ಅಲಿಪೇ ಆಪಿಗೆ ನಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿಕೊಳ್ಳಬಹುದು. ಬೀದಿಯಲ್ಲಿ ಸುಟ್ಟ ಗೆಣಸು ಮಾರುವವರು ಕೂಡ ಅದನ್ನೇ ತೆಗೆದುಕೊಳ್ಳುತ್ತಾರೆ. ವಾಟ್ಸಾಪ್, ಗೂಗಲ್ ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಅನುವಾದದ ಆಪು, ನಕ್ಷೆ ಎಲ್ಲ ಮೊದಲೇ ಫೋನಿಗೆ ಇಳಿಸಿಕೊಂಡಿರಿ.

ಒಂದು ಮಾತನ್ನು ಒತ್ತಿ ಹೇಳಬೇಕು. ದೊಡ್ಡ ಊರಿಗೆ ಒಂದೇ ಸ್ಟೇಷನ್ ಇರುವುದಿಲ್ಲ. ಬೀಜಿಂಗ್ ಒಂದು, ಬೀಜಿಂಗ್ ಪಶ್ಚಿಮ ಒಂದು, ಬೀಜಿಂಗ್ ದಕ್ಷಿಣ ಒಂದು, ಇನ್ನೂ ಇವೆ. ನಾನು ಮೊದಲ ದಿನವೇ ಬೇರೆ ಸ್ಟೇಷನ್ನಿಗೆ ಹೋಗಿ ನಿಂತಿದ್ದೆ. ಅಲ್ಲಿಂದ ಮೆಟ್ರೊ ಹಿಡಿದು ಓಡೋಡಿ ಬಂದರೂ ಗೇಟು ಮುಚ್ಚಲು ಐದೇ ನಿಮಿಷ ಉಳಿದಿತ್ತು. ಅಲ್ಲಿ ರೈಲು ಹೊರಡುವ ಮೊದಲೇ ಗೇಟು ಮುಚ್ಚಿಬಿಡುತ್ತಾರೆ, ಕೊನೇ ಗಳಿಗೆಯಲ್ಲಿ ಓಡಿ ಹತ್ತುವ ಮಾತೇ ಇಲ್ಲ. ಒಳಗೆ ಬರುವಾಗ ಬ್ಯಾಗಿನ ತಪಾಸಣೆ ಬೇರೆ. ಹಣ್ಣು ಕತ್ತರಿಸುವ ನನ್ನ ಪುಟ್ಟ ಚಾಕು ಅಲ್ಲೇ ಹೋಯಿತು. ಹಾಗಾಗಿ ನಾಲ್ಕು ಶಬ್ದ ಕಲಿತುಕೊಳ್ಳಿ. ಬೇಯ್ ಅಂದರೆ ಉತ್ತರ, ನಾನ್ ದಕ್ಷಿಣ, ತುಂಗ್ ಪೂರ್ವ, ಶೀ ಪಶ್ಚಿಮ. ಬೀಜಿಂಗ್ ಅಂದರೆ ಉತ್ತರದ ರಾಜಧಾನಿ, ನಾನ್‌ಜಿಂಗ್ ಅಂದರೆ ದಕ್ಷಿಣದ ರಾಜಧಾನಿ. ಇಷ್ಟು ಗೊತ್ತಿದ್ದರೆ ಬೋರ್ಡು ಓದುವುದು ಎಷ್ಟೋ ಹಗುರ.

ಇನ್ನು ಬೋಗಿಯೊಳಗೆ ಬನ್ನಿ. ಮಲಗುವ ಅಗ್ಗದ ಕ್ಲಾಸಿಗೆ ಗಟ್ಟಿ ಮಲಗು ಅಂತ ಹೆಸರು, ಯಿಂಗ್ ವೊ. ಹೆಸರು ಕೇಳಿ ಹೆದರಬೇಡಿ, ಹಾಸಿಗೆ ಮೆತ್ತಗೇ ಇದೆ. ಬಿಳಿ ಹೊದಿಕೆ, ದಿಂಬು ಟಿಕೆಟ್ಟಿನಲ್ಲೇ ಸೇರಿದೆ. ಬಾಗಿಲಿಲ್ಲದ ಒಂದೊಂದು ಗೂಡಿನಲ್ಲಿ ಆ ಕಡೆ ಮೂರು, ಈ ಕಡೆ ಮೂರು. ಕೆಳಗಿನದು ಜಾಸ್ತಿ ದುಡ್ಡು, ಮೇಲಿನದು ಕಡಿಮೆ. ಮೇಲಿನದರಲ್ಲಿ ನೆಟ್ಟಗೆ ಕೂರಲು ಆಗುವುದಿಲ್ಲ, ತಲೆ ಸೂರಿಗೆ ತಾಗುತ್ತದೆ. ಕೆಳಗಿನದರಲ್ಲಿ ಹಗಲೆಲ್ಲ ನಾಲ್ಕು ಜನ ಬಂದು ಕೂರುತ್ತಾರೆ. ನನ್ನ ಕೇಳಿದರೆ ನಡುವಿನದೇ ಒಳ್ಳೆಯದು. ರಾತ್ರಿ ಹತ್ತಕ್ಕೆ ದೀಪ ಆರಿಸುತ್ತಾರೆ. ನಿಮ್ಮ ಊರು ಬರುವ ಮುಂಚೆ ಬೋಗಿಯ ಮೇಲ್ವಿಚಾರಕಿ ಬಂದು ಮೆಲ್ಲಗೆ ಕಾಲು ಮುಟ್ಟಿ ಎಬ್ಬಿಸುತ್ತಾಳೆ. ಒಬ್ಬಳೇ ಹೆಂಗಸು ಅನ್ನುವ ಭಯ ಆ ರೈಲುಗಳಲ್ಲಿ ನನಗೆ ಒಂದು ರಾತ್ರಿಯೂ ಆಗಲಿಲ್ಲ.

ನಾನು ಸಸ್ಯಾಹಾರಿ. ಊರಿನಿಂದ ಎರಡು ಕೆಜಿ ಅವಲಕ್ಕಿ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದೆ. ರೈಲಿನಲ್ಲಿ ಎಲ್ಲರೂ ಕಾಗದದ ಬಟ್ಟಲಿನ ನೂಡಲ್ಸಿಗೆ ಬಿಸಿನೀರು ಹಾಕಿಕೊಂಡು ಬರುತ್ತಾರೆ, ಬೋಗಿಯೆಲ್ಲ ಅದೇ ಘಮ. ನಾನೂ ಸ್ಟೀಲ್ ಲೋಟದಲ್ಲಿ ಅವಲಕ್ಕಿ ಹಾಕಿಕೊಂಡು ಸಾಲಿನಲ್ಲಿ ನಿಂತೆ. ಮುಂದೆ ಗಾಜಿನ ಬಾಟಲಿ ಹಿಡಿದ ಮುದುಕಿಯೊಬ್ಬರು, ಬಾಟಲಿಯ ತಳದಲ್ಲಿ ಚಹಾದ ಎಲೆ, ಅದರ ಜೊತೆ ಎರಡು ಕೆಂಪು ಒಣ ಬೋರೆಹಣ್ಣು. ಅವರು ನನ್ನ ಲೋಟ ನೋಡಿದರು. ಅಕ್ಕಿ ಅಂತ ಗೊತ್ತಾಯಿತು, ಆದರೆ ಇಷ್ಟು ತೆಳ್ಳಗೆ ಯಾಕೆ ಅಂತ ಕೈಸನ್ನೆಯಲ್ಲೇ ಕೇಳಿದರು. ಎರಡು ಅಂಗೈ ಸೇರಿಸಿ ಒತ್ತಿ ತೋರಿಸಿದೆ. ನೀರು ಹಾಕಿ, ತಟ್ಟೆ ಮುಚ್ಚಿ, ಐದು ನಿಮಿಷ ಬಿಟ್ಟು, ನೀರು ಬಸಿದು, ಚಟ್ನಿಪುಡಿ ಕಲಸಿ ಒಂದು ಚಮಚ ಕೊಟ್ಟೆ. ಅವರು ಕಣ್ಣು ಮುಚ್ಚಿಕೊಂಡು ತಿಂದರು. ಆಮೇಲೆ ತಮ್ಮ ಚೀಲದಿಂದ ಸೂರ್ಯಕಾಂತಿ ಬೀಜದ ಇಡೀ ಪೊಟ್ಟಣವನ್ನೇ ತೆಗೆದು ನನ್ನ ಮಡಿಲಿಗೆ ಸುರಿದರು. ಹಲ್ಲಿನಲ್ಲಿ ಬೀಜದ ತುದಿ ಕಚ್ಚಿ ಸಿಪ್ಪೆ ಎರಡು ಹೋಳು ಮಾಡುವುದನ್ನು ಆ ರಾತ್ರಿ ನನಗೆ ಕಲಿಸಿದವರು ಅವರೇ.

ಸಸ್ಯಾಹಾರಿಗಳಿಗೆ ಇನ್ನೊಂದು ಮಾತು. "ವೊ ಛ್ರ್ ಸು" ಅಂದರೆ ನಾನು ಮಾಂಸ ತಿನ್ನುವುದಿಲ್ಲ ಅಂತ. ಆದರೂ ಸಾರು ಮಾಂಸದ್ದೇ ಇರಬಹುದು, ಫೋನಿನಲ್ಲಿ ಬರೆದು ತೋರಿಸುವುದೇ ವಾಸಿ. ಬುದ್ಧನ ದೇವಸ್ಥಾನಗಳ ಅಕ್ಕಪಕ್ಕ ಶುದ್ಧ ಸಸ್ಯಾಹಾರದ ಊಟದ ಮನೆಗಳು ಸಿಗುತ್ತವೆ. ಬೆಳಿಗ್ಗೆ ಬೀದಿಯಲ್ಲಿ ಬಿಸಿ ಸೋಯಾ ಹಾಲು, ಹಬೆಯಲ್ಲಿ ಬೇಯಿಸಿದ ಮಂಥೊ ಬನ್ನು. ನನಗೆ ಅಷ್ಟು ಸಾಕಾಗುತ್ತಿತ್ತು.

ಶಿಆನ್‌ನಲ್ಲಿ ಎಲ್ಲರೂ ಹಳೇ ಕಾಲದ ಚಕ್ರವರ್ತಿಯೊಬ್ಬನ ಸಮಾಧಿ ಕಾಯಲು ಮಾಡಿಟ್ಟ ಮಣ್ಣಿನ ಸೈನಿಕರನ್ನು ನೋಡಲು ಹೋಗುತ್ತಾರೆ. ಬಾವಿ ತೋಡುವಾಗ ರೈತರಿಗೆ 1974ರಲ್ಲಿ ಸಿಕ್ಕಿದ್ದು. ನೋಡಲೇಬೇಕು. ಆದರೆ ನನಗೆ ಮೈ ಜುಂ ಅಂದದ್ದು ದೊಡ್ಡ ಕಾಡುಬಾತಿನ ಪಗೋಡದ ಮುಂದೆ. ಶಾಲೆಯಲ್ಲಿ ನಾವೆಲ್ಲ ಹ್ಯೂಯೆನ್ ತ್ಸಾಂಗ್ ಅಂತ ಓದಿದೆವಲ್ಲ, ಆ ಯಾತ್ರಿಕ ಭಾರತದಿಂದ 645ರಲ್ಲಿ ವಾಪಸ್ ಬಂದು, ಹೊತ್ತು ತಂದ ಗ್ರಂಥಗಳನ್ನು ಇಡಲೆಂದು 652ರಲ್ಲಿ ಕಟ್ಟಿಸಿದ್ದು ಇದು. ಬಾದಾಮಿ ಚಾಲುಕ್ಯರ ಎರಡನೇ ಪುಲಕೇಶಿಯನ್ನು ಹರ್ಷನಿಂದ ಗೆಲ್ಲಲಾಗಲಿಲ್ಲ ಅಂತ ಬರೆದಿಟ್ಟವನು ಇವನೇ. ಪರೀಕ್ಷೆಗೆ ಉರು ಹೊಡೆದ ಆ ಸಾಲು ಎಲ್ಲಿಂದ ಬಂತೋ ಆ ಊರಿನಲ್ಲೇ ನಿಂತಿದ್ದೆ. ಚಿತ್ರಗಳಲ್ಲಿ ಅವನ ಬೆನ್ನಲ್ಲೂ ಒಂದು ಚೀಲ ಇರುತ್ತದೆ, ಅವನು ಬಂದದ್ದು ಕಾಲ್ನಡಿಗೆಯಲ್ಲಿ, ಕುದುರೆಯ ಮೇಲೆ. ಅಲ್ಲಿಂದ ಏಳಲು ಮನಸ್ಸೇ ಬರಲಿಲ್ಲ.

ಶಿಆನ್‌ನಿಂದ ಚೆಂಗ್ಡುಗೆ ಸುಮ್ನೆ ಕೂತು ಹೋಗುವ ಟಿಕೆಟ್ ತೆಗೆದೆ. ಗಟ್ಟಿ ಸೀಟು. ಒಂದು ಬೋಗಿಗೆ 118 ಸೀಟು, ಎದುರುಬದುರು, ಬೆನ್ನು ನೆಟ್ಟಗೆ. ರಾತ್ರಿಯೆಲ್ಲ ದೀಪ ಉರಿಯುತ್ತದೆ. ಸೀಟು ಸಿಗದವರಿಗೆ ನಿಂತು ಹೋಗುವ ಟಿಕೆಟ್ಟನ್ನು ಅದೇ ದರಕ್ಕೆ ಕೊಡುತ್ತಾರೆ. ಅವರು ಮಡಚುವ ಪುಟ್ಟ ಸ್ಟೂಲು ತಂದಿರುತ್ತಾರೆ. ತಳ್ಳುಗಾಡಿಯವರು ಶೇಂಗಾ, ಬೀಜ, ನೀರು, ಎಂಟು ಕಾಳಿನ ಗಂಜಿ ಅಂತ ಒಂದೇ ರಾಗದಲ್ಲಿ ಹೇಳುತ್ತಾ, ಸ್ವಲ್ಪ ಕಾಲು ಎಳ್ಕೊಳ್ಳಿ ಅಂತ ಕೊನೆಗೆ ಸೇರಿಸುತ್ತಾ ಬರುತ್ತಾರೆ. ಭಾಷೆ ಬಾರದಿದ್ದರೂ ಎರಡನೇ ಸಲಕ್ಕೆ ನನ್ನ ಕಾಲು ತಾನಾಗಿ ಒಳಗೆ ಸರಿಯಿತು.

ಬೇಕಂತಲೇ ಹಗಲಿನ ಗಾಡಿ ಹಿಡಿದಿದ್ದೆ. 2017ರ ಕೊನೆಗೆ ಈ ಊರುಗಳ ನಡುವೆ ವೇಗದ ಹಳಿ ಬಂತು, ಅದು ಬೆಟ್ಟದೊಳಗೆ ಸುರಂಗದಲ್ಲೇ ನುಗ್ಗಿ ನಾಲ್ಕು ಗಂಟೆಯೊಳಗೆ ಮುಟ್ಟಿಸುತ್ತದೆ. ನಾನು ಹೋದದ್ದು 1958ರಲ್ಲಿ ಮುಗಿದ ಹಳೇ ಹಳಿಯ ಮೇಲೆ. ಬಾವೋಜಿ ಊರು ದಾಟಿದ ಮೇಲೆ ಚಿನ್‌ಲಿಂಗ್ ಬೆಟ್ಟ ಶುರು. ಗಾಡಿ ಸುತ್ತಿ ಸುತ್ತಿ ಮೇಲೇರುತ್ತದೆ. ಕಿಟಕಿಯಿಂದ ಕೆಳಗೆ ನೋಡಿದರೆ ಒಂದು ಹಳಿ, ಅದರ ಕೆಳಗೆ ಇನ್ನೊಂದು ಹಳಿ, ಎರಡೂ ನಾವು ಈಗಷ್ಟೇ ಬಂದ ದಾರಿಯೇ! ಆ ಬೆಟ್ಟದ ಈಚೆ ಗೋಧಿ, ಆಚೆ ಭತ್ತ. ನಮ್ಮಲ್ಲಿ ರಾಗಿ ಸೀಮೆ ಮುಗಿದು ಜೋಳದ ಸೀಮೆ ಬರುವ ಹಾಗೆ, ಒಂದು ಮಧ್ಯಾಹ್ನದಲ್ಲಿ ಹೊಲದ ಬಣ್ಣ, ಊಟದ ತಟ್ಟೆ ಎರಡೂ ಬದಲಾಗುತ್ತವೆ.

ಚೆಂಗ್ಡುವಿನಲ್ಲಿ ಒಂದು ಕಷ್ಟ ಆಯಿತು. ನಡುರಾತ್ರಿ ಇಳಿದೆ. ಸ್ಟೇಷನ್ ಹತ್ತಿರದ ಒಂದು ವಸತಿಗೃಹಕ್ಕೆ ದುಡ್ಡು ಮೊದಲೇ ಕಟ್ಟಿದ್ದೆ. ವಿದೇಶಿಯರನ್ನು ಉಳಿಸಿಕೊಳ್ಳುವುದಿಲ್ಲ ಅಂದುಬಿಟ್ಟರು. ವಾದ ಮಾಡಲು ಭಾಷೆ ಇಲ್ಲ. ಬೆಳಗಿನವರೆಗೆ ಸ್ಟೇಷನ್ ಪಕ್ಕದ ತಿಂಡಿ ಅಂಗಡಿಯಲ್ಲಿ ಕೂತಿದ್ದೆ, ತುಂಬ ಬೇಜಾರಾಗಿತ್ತು. ಅಲ್ಲಿ ಉಳಿಯುವ ವಿದೇಶಿಯರ ಹೆಸರನ್ನು ಪೊಲೀಸರಲ್ಲಿ ನೋಂದಾಯಿಸಬೇಕು, ಸಣ್ಣ ಜಾಗಗಳು ಆ ಕೆಲಸವನ್ನು ಮೈಮೇಲೆ ಹಾಕಿಕೊಳ್ಳುವುದಿಲ್ಲ. ಹಾಗಾಗಿ ಬುಕ್ ಮಾಡುವ ಮುಂಚೆ ಒಂದು ಸಂದೇಶ ಕಳಿಸಿ ಕೇಳಿಕೊಳ್ಳಿ. ಬ್ಯಾಕ್‌ಪ್ಯಾಕರುಗಳ ಹಾಸ್ಟೆಲುಗಳಲ್ಲಿ ಈ ತಾಪತ್ರಯ ಕಡಿಮೆ, ಒಂದು ಮಂಚಕ್ಕೆ 50, 60 ಯುವಾನಿಗೆ ನನಗೆ ಸಿಕ್ಕಿತು. ಇನ್ನು ವಸಂತ ಹಬ್ಬದ, ಅಂದರೆ ಚೀನೀ ಹೊಸ ವರ್ಷದ ರಜೆಯಲ್ಲಿ, ಮತ್ತೆ ಅವರ ರಾಷ್ಟ್ರೀಯ ದಿನದ ರಜೆ ಇರುವ ಅಕ್ಟೋಬರ್ ಮೊದಲ ವಾರದಲ್ಲಿ ಮಾತ್ರ ಹೋಗಬೇಡಿ, ಇಡೀ ದೇಶವೇ ರೈಲಿನಲ್ಲಿರುತ್ತದೆ.

ಕೊನೆಗೆ ನನ್ನ ಮನಸ್ಸಿನಲ್ಲಿ ಉಳಿದಿರುವ ಗಾಡಿಯ ವಿಷಯ. ಚೆಂಗ್ಡುವಿನಿಂದ ಕುನ್‌ಮಿಂಗ್‌ಗೆ ಹೋಗುವ ಹಳೇ ಹಳಿ 1970ರಲ್ಲಿ ತೆರೆದದ್ದು, 400ಕ್ಕೂ ಜಾಸ್ತಿ ಸುರಂಗ. ಅದರ ಮೇಲೆ ಲ್ಯಾಂಗ್‌ಶಾನ್ ಬೆಟ್ಟಗಳಲ್ಲಿ ಪುಶ್ಯೊಂಗ್‌ನಿಂದ ಪಂಜಿಹ್ವಾವರೆಗೆ 353 ಕಿಲೋಮೀಟರ್ ಒಂದು ನಿಧಾನದ ರೈಲು ಓಡುತ್ತದೆ. ನಂಬರು 5633, ವಾಪಸ್ ಬರುವಾಗ 5634. ಟಿಕೆಟ್ 2 ಯುವಾನಿನಿಂದ ಶುರು. ಪೂರ್ತಿ ದಾರಿಗೂ 30 ಯುವಾನ್ ಆಗುವುದಿಲ್ಲ. ಅಲ್ಲಿರುವವರು ಯಿ ಜನ, ಬೆಟ್ಟದ ಮೇಲೆ ಬಕ್‌ವೀಟ್ ಕಾಳು, ಆಲೂಗಡ್ಡೆ ಬೆಳೆಯುವವರು. ಸಂತೆಗೆ ಹೋಗಲು, ಮಕ್ಕಳು ಶಾಲೆಗೆ ಹೋಗಲು, ಆಸ್ಪತ್ರೆಗೆ ಹೋಗಲು ಅವರಿಗೆ ಈ ಗಾಡಿಯೇ. ಕುರಿ, ಹಂದಿ, ಕೋಳಿ, ಬಾತು ಸಾಗಿಸಲು ಒಂದು ಬೋಗಿಯ ಸೀಟು ತೆಗೆದು ಜಾಗ ಮಾಡಿಕೊಟ್ಟಿದ್ದಾರೆ. ದುಡ್ಡು ಬರುವುದಿಲ್ಲ ಅಂತ ಗೊತ್ತಿದ್ದೂ ಓಡಿಸುತ್ತಿದ್ದಾರಲ್ಲ, ಆ ದೇಶದ ರೈಲಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದು.

ನಾನು ಪುಶ್ಯೊಂಗ್‌ನಲ್ಲಿ ಹತ್ತಿದೆ. ಎಸಿ ಇಲ್ಲ, ಕಿಟಕಿ ಎತ್ತಿದರೆ ಗಾಳಿ. ಪಕ್ಕದಲ್ಲಿ ದಪ್ಪ ಉಣ್ಣೆಯ ಕಂಬಳಿ ಹೊದ್ದ ಹೆಂಗಸು, ಬೆನ್ನಿಗೆ ಬಿದಿರಿನ ಬುಟ್ಟಿ, ಬುಟ್ಟಿಯಲ್ಲಿ ಹುಲ್ಲು, ಹುಲ್ಲಿನೊಳಗೆ ಎರಡು ಕೋಳಿ. ಎದುರು ಸೀಟಿನಲ್ಲಿ ಹೋಂವರ್ಕ್ ಬರೆಯುತ್ತಿದ್ದ ಹುಡುಗಿ. ಸುರಂಗ ಬಂದಾಗೆಲ್ಲ ಪೆನ್ಸಿಲ್ ಎತ್ತಿ ಹಿಡಿದು, ಬೆಳಕು ಬಂದ ಕೂಡಲೇ ಮತ್ತೆ ಬರೆಯುತ್ತಿದ್ದಳು. ಚೀಲದಲ್ಲಿ ಕೊನೆಯ ಒಂದು ಹಿಡಿ ಅವಲಕ್ಕಿ ಉಳಿದಿತ್ತು. ಲೋಟ ತೆಗೆದುಕೊಂಡು ಎದ್ದೆ. ಆ ಹುಡುಗಿ ತಲೆ ಎತ್ತಿ, ಬೋಗಿಯ ಕೊನೆಯ ಕಡೆ ಪೆನ್ಸಿಲ್ ಚಾಚಿ ತೋರಿಸಿದಳು.

"ಖಾಯ್ ಶ್ವೇ," ಅಂದಳು.