ಮೂಸದೆ ಗುಲಾಬಿ ಗಿಡ ತಗೋಬೇಡಿ

ಎಲ್ಲರಿಗೂ ನಮಸ್ಕಾರ. ಈ ವಾರ ದಾಳಿಂಬೆ ಬಗ್ಗೆ ಮಾತಾಡುತ್ತೇನೆ ಅಂದಿದ್ದೆ. ಅದು ಮುಂದಿನ ವಾರಕ್ಕೆ ಹೋಯಿತು. ನಿನ್ನೆ ರಾತ್ರಿ ಊಟ ಮಾಡಿ ಕಮೆಂಟ್ ಓದುತ್ತಾ ಕೂತಿದ್ದೆ, ಒಂದು ಕಮೆಂಟ್ ನೋಡಿ ತಲೆ ಬಿಸಿಯಾಯಿತು. ಓದುತ್ತೇನೆ, ಕೇಳಿ. 'ಅಕ್ಕ, ನಮ್ಮ ಬಳ್ಳಾರಿ ಬಿಸಿಲಿಗೆ ಘಮ ಇರೋ ಗುಲಾಬಿ ಬರಲ್ಲ. ಸುಮ್ನೆ ಡಚ್ ರೋಸ್ ಹಾಕಿ. ಹೂವು ದೊಡ್ಡದು, ಜಾಸ್ತಿ ದಿನ ಇರುತ್ತೆ. ವಾಸನೆ ಕಟ್ಕೊಂಡು ಏನ್ ಮಾಡ್ತೀರಿ?'

ವಾಸನೆ ಕಟ್ಟಿಕೊಂಡು ಏನು ಮಾಡುತ್ತೀರಿ ಅಂತೆ! ಗುಲಾಬಿಗೆ ಕೇಳೋ ಮಾತಾ ಇದು? ಮಲ್ಲಿಗೆಗೆ ಹೀಗೆ ಕೇಳುತ್ತೀರಾ? ಘಮ ಇಲ್ಲದ ಮಲ್ಲಿಗೆ ಮೊಳಕ್ಕೆ ನಾಲ್ಕಾಣೆಗೂ ಹೋಗಲ್ಲ. ಗುಲಾಬಿ ವಿಷಯ ಬಂದರೆ ಮಾತ್ರ ಬಣ್ಣ ಸಾಕು, ಗಾತ್ರ ಸಾಕು. ನಾನು ಹೇಳೋದು ಒಂದೇ ಮಾತು. ಗುಲಾಬಿ ಗಿಡ ತಗೋಬೇಕಾದರೆ ಮೊದಲು ಹೂವು ಮೂಸಿ ನೋಡಿ. ಘಮ ಇದ್ದರೆ ದುಡ್ಡು ಕೊಡಿ, ಇಲ್ಲದಿದ್ದರೆ ಅಲ್ಲೇ ಇಟ್ಟು ಬನ್ನಿ.

ಈ ಮಾತು ನನಗೆ ಸುಮ್ಮನೆ ಹುಟ್ಟಲಿಲ್ಲ. ಮೂರು ವರ್ಷದ ಹಿಂದೆ ಒಂದು ನರ್ಸರಿಗೆ ಹೋಗಿದ್ದೆ. ಯಾವುದು ಅಂತ ಹೇಳಲ್ಲ, ಬೇಡ. ಕಪ್ಪು ಕವರ್‌ನಲ್ಲಿ ಗಿಡ, ಮೊಗ್ಗು ಮಾತ್ರ ಇತ್ತು, ಮೇಲೆ ಡಬಲ್ ಡಿಲೈಟ್ ಅಂತ ಚೀಟಿ, ಚೀಟಿಯಲ್ಲಿ ಫೋಟೊ. 250 ರೂಪಾಯಿ ಕೊಟ್ಟೆ. ಮನೆಗೆ ತಂದು ಸಾಕಿದೆ, ಹೂವು ಬಿಟ್ಟಿತು. ಬಿಳಿಗೆ ಕೆಂಪು ಅಂಚು, ನೋಡೋಕೆ ಚೆಂದ. ಮೂಗಿಗೆ ಹಿಡಿದರೆ ಏನೂ ಇಲ್ಲ, ಬರೀ ಎಲೆಯ ಹಸಿ ವಾಸನೆ. ವಾಪಸ್ ಹೋಗಿ ಕೇಳಿದರೆ ಆ ತಮ್ಮ ಏನು ಹೇಳಬೇಕು? 'ಈಗ ವಾಸ್ನಿ ಯಾರು ಕೇಳ್ತಾರಕ್ಕ? ಫೋಟೋದಾಗ ವಾಸ್ನಿ ಕಾಣ್ತದೇನು?' ಅವನ ಮೇಲೆ ನನಗೆ ಸಿಟ್ಟಿಲ್ಲ. ನಾವು ಕೇಳಲ್ಲ, ಅದಕ್ಕೆ ಅವನು ಇಡಲ್ಲ.

ನಿಜವಾದ ಡಬಲ್ ಡಿಲೈಟ್ ಬೇರೆನೇ. 1977ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ತಳಿ. ಅಮೆರಿಕನ್ ರೋಸ್ ಸೊಸೈಟಿಯವರು ಘಮಕ್ಕೆ ಅಂತಲೇ ಗ್ಯಾಂಬಲ್ ಪ್ರಶಸ್ತಿ ಇಟ್ಟಿದ್ದಾರೆ, ಅದು 1986ರಲ್ಲಿ ಇದಕ್ಕೆ ಬಂತು. ಆಮೇಲೆ ಗೊತ್ತಿರೋರಿಂದ ನನಗೊಂದು ನಿಜವಾದ ಗಿಡ ಸಿಕ್ಕಿತು. ಹೂವು ಬಿರಿದ ಮೊದಲ ದಿನ ಹಾಲಿನ ಕೆನೆ ಬಣ್ಣ, ಅಂಚಿಗೆ ಮಾತ್ರ ಸ್ವಲ್ಪ ಕೆಂಪು. ಬಿಸಿಲು ಬಿದ್ದಷ್ಟೂ ಆ ಕೆಂಪು ಒಳಗೆ ಇಳಿಯುತ್ತದೆ. ಬಿಸಿಲು ಮುಟ್ಟದ ಪಕಳೆ ಕೆನೆ ಬಣ್ಣದಲ್ಲೇ ಉಳಿಯುತ್ತದೆ. ಅಂದರೆ ಈ ಹೂವಿಗೆ ಬಣ್ಣ ಹಚ್ಚೋದೇ ಬಿಸಿಲು! ಬಿಸಿಲಿಗೆ ನಮ್ಮ ಊರಲ್ಲಿ ಬರ ಇದೆಯಾ? ಕಮೆಂಟ್ ಹಾಕಿದ ಅಣ್ಣ, ಇದನ್ನು ಸ್ವಲ್ಪ ಬರೆದಿಟ್ಟುಕೊಳ್ಳಿ.

ಸರಿ, ಘಮ ಎಲ್ಲಿ ಹೋಯಿತು? ಒಂದೊಂದು ದೇಟಿಗೆ ಒಂದೊಂದು ದೊಡ್ಡ ಹೂವು ಬಿಡೋ ಗುಲಾಬಿಗೆ ಹೈಬ್ರಿಡ್ ಟೀ ಅನ್ನುತ್ತಾರೆ, ಡಬಲ್ ಡಿಲೈಟ್ ಕೂಡ ಅದೇ. ಆ ಜಾತಿ ಹುಟ್ಟಿದ್ದೇ ಘಮದ ಜೊತೆ. ಫ್ರಾನ್ಸಿನಲ್ಲಿ ಗಿಯೋ ಅನ್ನೋರು 1867ರಲ್ಲಿ ತಂದ ಲಾ ಫ್ರಾನ್ಸ್ ಅನ್ನೋ ಗುಲಾಬಿಯನ್ನು ಈ ಜಾತಿಯ ಮೊದಲ ಹೂವು ಅನ್ನುತ್ತಾರೆ. ಅದಕ್ಕೆ ಒಳ್ಳೇ ಪರಿಮಳ ಇತ್ತು. ಆಮೇಲೆ ಹೂವಿನ ವ್ಯಾಪಾರ ದೊಡ್ಡದಾಯಿತು. ಹೂವು ವಿಮಾನ ಹತ್ತಬೇಕು, ಡಬ್ಬಿಯಲ್ಲಿ ಮಲಗಬೇಕು, ದೇಟು ಉದ್ದ ಇರಬೇಕು, ಹೂದಾನಿಯಲ್ಲಿ ವಾರಗಟ್ಟಲೆ ನಿಲ್ಲಬೇಕು. ತಳಿ ಮಾಡೋರು ಅಂಥದ್ದನ್ನೇ ಆರಿಸುತ್ತಾ ಹೋದರು, ಘಮ ಹಿಂದೆ ಬಿತ್ತು. ಡಚ್ ರೋಸ್ ಅಂತ ಮದುವೆ ಸ್ಟೇಜಿಗೆ ಚುಚ್ಚುತ್ತಾರಲ್ಲ, ಅದು ಪೇಟೆಗೆ ಅಂತ ಮಾಡಿದ ಹೂವು. ನಿಮ್ಮ ಅಂಗಳದ ಹೂವು ಎಲ್ಲಿಗೆ ಪ್ರಯಾಣ ಮಾಡಬೇಕು? ಗಿಡದಿಂದ ದೇವರ ಮನೆಗೆ. ಹತ್ತು ಹೆಜ್ಜೆ.

ಇನ್ನೊಂದು ವಿಷಯ ಕೇಳಿ, ನನಗೆ ಬಹಳ ಇಷ್ಟವಾದದ್ದು. 2015ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಎರಡು ಕೆಂಪು ಗುಲಾಬಿ ಪಕ್ಕ ಪಕ್ಕ ಇಟ್ಟು ನೋಡಿದರು. ಒಂದು ಪಾಪಾ ಮೆಯ್ಲಾಂಡ್, ಘಮ ಅಂದರೆ ಘಮ. ಇನ್ನೊಂದು ರೂಜ್ ಮೆಯ್ಲಾಂಡ್, ಘಮ ಇಲ್ಲ ಅನ್ನುವಷ್ಟು ಕಡಿಮೆ. ಗುಲಾಬಿ ಅಂತ ಮೂಗಿಗೆ ಗೊತ್ತಾಗೋ ವಾಸನೆಯಲ್ಲಿ ಜೆರಾನಿಯಾಲ್ ಅಂತ ಒಂದು ಅಂಶ ಇದೆ. ಅದನ್ನು ತಯಾರು ಮಾಡೋಕೆ ಪಕಳೆಯೊಳಗೆ ಒಂದು ಕಿಣ್ವ ಕೆಲಸ ಮಾಡಬೇಕು. ಘಮ ಇರೋ ಹೂವಿನಲ್ಲಿ ಆ ಕೆಲಸ ಜೋರಾಗಿ ನಡೆಯುತ್ತದೆ, ಇನ್ನೊಂದರಲ್ಲಿ ಸದ್ದೇ ಇಲ್ಲ. ಅದು ತಳಿಯಲ್ಲೇ ಬರಬೇಕು. ನೀವು ಬೇವಿನ ಹಿಂಡಿ ಹಾಕಿ, ಬಾಳೆಹಣ್ಣಿನ ಸಿಪ್ಪೆ ಹಾಕಿ, ಚಹಾ ಪುಡಿ ಹಾಕಿ, ಘಮ ಇಲ್ಲದ ತಳಿಗೆ ಘಮ ಬರಿಸೋಕೆ ಆಗಲ್ಲ. ಅದಕ್ಕೇ ಹೇಳೋದು, ತಗೊಳ್ಳುವಾಗಲೇ ಮೂಸಿ ಅಂತ!

ಮೂಸೋದಕ್ಕೂ ಹೊತ್ತು ಇದೆ. ಮಧ್ಯಾಹ್ನ ಎರಡು ಗಂಟೆಗೆ, 40 ಡಿಗ್ರಿ ಬಿಸಿಲಲ್ಲಿ ಹೋಗಿ ಮೂಸಿ 'ಘಮ ಇಲ್ಲ ಅಕ್ಕ' ಅಂದರೆ ನಾನೇನು ಮಾಡಲಿ? ಘಮದ ಎಣ್ಣೆ ಹಗುರ, ಬಿಸಿ ಗಾಳಿಗೆ ಆರಿ ಹೋಗುತ್ತದೆ. ಬೆಳಗ್ಗೆ ಏಳು, ಏಳೂವರೆಗೆ ಹೋಗಿ. ಹೂವು ಅರ್ಧ ಬಿರಿದಿರಬೇಕು. ಮೊಗ್ಗಲ್ಲಿ ಘಮ ಗೊತ್ತಾಗಲ್ಲ, ಪೂರ್ತಿ ಹಳೆಯದಾದರೆ ಉಳಿಯಲ್ಲ. ನಮ್ಮ ಮಾಳಿಗೆ ಮೇಲೆ ಪಾಪಾ ಮೆಯ್ಲಾಂಡ್ ಇದೆ. ಮೊನ್ನೆ ಬೆಳಗ್ಗೆ ಕೋಟೆ ಗುಡ್ಡದ ಮೇಲೆ ಬೆಳಕು ಬೀಳುತ್ತಿತ್ತು, ಹೂವು ಅರ್ಧ ತೆರೆದಿತ್ತು. ಕೆಂಪು ಅಂದರೆ ಕಪ್ಪಿಗೆ ಹತ್ತಿರದ ಕೆಂಪು, ಪಕಳೆ ಮುಟ್ಟಿದರೆ ಮಖಮಲ್. ಬಗ್ಗುವ ಮೊದಲೇ ಘಮ ಮೂಗಿಗೆ ಬಂತು. ಒಂದೇ ಹೂವು! ಅದನ್ನು ಕಿತ್ತು ಸ್ಟೀಲ್ ಲೋಟದಲ್ಲಿ ನೀರು ಹಾಕಿ ಪಡಸಾಲೆಯಲ್ಲಿಟ್ಟೆ. ಹಾಲು ಹಾಕೋಕೆ ಬಂದ ಹುಡುಗ ಬಾಗಿಲಲ್ಲೇ ನಿಂತು 'ಪೂಜೆ ಐತೇನ್ರಿ ಅಕ್ಕ?' ಅಂತ ಕೇಳಿದ.

ಬಿಸಿಲಿಗೆ ಬರಲ್ಲ ಅನ್ನೋರಿಗೆ ಈಗ ಉತ್ತರ. ಗೋಧಿ ವಿಜ್ಞಾನಿ ಡಾ. ಬಿ.ಪಿ. ಪಾಲ್ ಅಂತ ಇದ್ದರು, ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೊದಲ ಮಹಾನಿರ್ದೇಶಕರು. ಅವರು ದೆಹಲಿಯಲ್ಲಿ ಕೂತು ಹತ್ತಾರು ಗುಲಾಬಿ ತಳಿ ಮಾಡಿದರು. ಮೇ ತಿಂಗಳಲ್ಲಿ ದೆಹಲಿ ಏನು ಊಟಿನಾ? ಬಿಸಿಲಿಗೆ ಒಂದಿಷ್ಟು ಉಪಚಾರ ಮಾಡಬೇಕು, ಅಷ್ಟೇ. ಎರೆ ಮಣ್ಣಲ್ಲಿ ನೀರು ನಿಲ್ಲುತ್ತದೆ, ಅದಕ್ಕೆ ಕೆಮ್ಮಣ್ಣು, ಮರಳು, ಕಳಿತ ತಿಪ್ಪೆಗೊಬ್ಬರ ಬೆರೆಸಿ. ಕಸಿ ಕಟ್ಟಿದ ಗಂಟು ಮಣ್ಣಿನ ಮೇಲೆ ಇರಲಿ, ಅದರ ಕೆಳಗಿಂದ ಬರೋ ಕಾಡು ಚಿಗುರು ಬುಡದಲ್ಲೇ ಮುರಿಯಿರಿ. ಬೆಳಗಿನ ಬಿಸಿಲು ಪೂರ್ತಿ ಬೀಳಲಿ, ಏಪ್ರಿಲ್ ಮೇನಲ್ಲಿ ಮಧ್ಯಾಹ್ನಕ್ಕೆ ಹಸಿರು ನೆಟ್ ಕಟ್ಟಿ, ಇಲ್ಲದಿದ್ದರೆ ಪಾಪಾ ಮೆಯ್ಲಾಂಡ್ ಅಂಚು ಸುಟ್ಟು ಕರಕಲಾಗುತ್ತದೆ. ಬೋರ್ ನೀರಿನಿಂದ ಕುಂಡದ ಮೇಲೆ ಬಿಳಿ ಉಪ್ಪು ಕೂತರೆ, ತಳದಿಂದ ಸುರಿದು ಹೋಗುವಷ್ಟು ನೀರು ಹಾಕಿ ತೊಳೆಯಿರಿ. ಅಕ್ಟೋಬರ್ ಮೊದಲ ವಾರ ಸವರಿ, ನಮ್ಮ ದ್ರಾಕ್ಷಿ ಬೆಳೆಯೋರು ಚಾಟ್ನಿ ಅಂತಾರಲ್ಲ, ಅದೇ. ಸುಮಾರು 45 ದಿನಕ್ಕೆ ಹೂವು. ಡಿಸೆಂಬರ್ ಚಳಿಯಲ್ಲಿ ಬರೋ ಹೂವು ಇದೆಯಲ್ಲ, ಅದರ ಘಮವೇ ಬೇರೆ. ಚಾಟ್ನಿ ಬಗ್ಗೆ 18 ನಿಮಿಷದ ವಿಡಿಯೊ ಚಾನೆಲ್‌ನಲ್ಲಿದೆ, ಪೂರ್ತಿ ನೋಡಿ. ಸಬ್‌ಸ್ಕ್ರೈಬ್ ಆಗದೇ ನೋಡುತ್ತಿರೋರು ಜಾಸ್ತಿ ಇದ್ದೀರಿ, ಈಗಲೇ ಬಟನ್ ಒತ್ತಿಬಿಡಿ.

ಇನ್ನೊಬ್ಬರು ಬರೆದಿದ್ದಾರೆ, 'ಘಮ ಇರೋ ಹೂವು ಎರಡೇ ದಿನಕ್ಕೆ ಉದುರುತ್ತೆ ಅಕ್ಕ.' ಉದುರಲಿ ಬಿಡಿ! ಎರಡು ದಿನ ಮನೆ ತುಂಬಾ ಘಮ ಬೇಕಾ, ಹದಿನೈದು ದಿನ ಪ್ಲಾಸ್ಟಿಕ್ ಥರ ನಿಲ್ಲೋ ಹೂವು ಬೇಕಾ? ಹದಿನೈದು ದಿನ ನಿಲ್ಲಬೇಕು ಅಂದರೆ ಬೆಂಗಳೂರು ರಸ್ತೆ ಅಂಗಡಿಯಲ್ಲಿ ಬಟ್ಟೆ ಹೂವು ಸಿಗುತ್ತದೆ, ಹದಿನೈದು ವರ್ಷ ನಿಲ್ಲುತ್ತದೆ, ನೀರೂ ಬೇಡ. 99 ರೂಪಾಯಿಗೆ ನೀಲಿ ಗುಲಾಬಿ ಬೀಜ ತರಿಸಿದ್ದೇನೆ ಅಂತ ಒಬ್ಬರು ಫೋಟೊ ಕಳಿಸಿದ್ದಾರೆ. ಅಯ್ಯೋ ದೇವರೇ. ಹೈಬ್ರಿಡ್ ಟೀ ತಳಿಯನ್ನು ಬೀಜದಿಂದ ಹಾಗೇ ಬರಿಸೋಕೆ ಆಗಲ್ಲ ತಂಗಿ, ಕಸಿ ಗಿಡವೇ ತರಬೇಕು. ಅದನ್ನೂ ಮೂಸಿ ತರಬೇಕು.

ನಮ್ಮ ಅವ್ವನಿಗೆ ಈಗ ಕಣ್ಣು ಮಂಜು. ಬಣ್ಣ ಗೊತ್ತಾಗಲ್ಲ. ಡಬಲ್ ಡಿಲೈಟ್ ಕೈಯಲ್ಲಿಟ್ಟರೆ ಮೂಗಿಗೆ ಹಿಡಿದು ಅರ್ಧ ಗಂಟೆ ಹಾಗೇ ಕೂರುತ್ತಾಳೆ. ಆಮೇಲೆ ತುರುಬಿಗೆ ಸಿಕ್ಕಿಸು ಅನ್ನುತ್ತಾಳೆ. ಅವಳ ಕೈಗೆ ನಿಮ್ಮ ಡಚ್ ರೋಸ್ ಕೊಡಲಾ ನಾನು? ಹೇಳಿ, ಕೊಡಲಾ? ವಾಸನೆ ಕಟ್ಟಿಕೊಂಡು ಏನು ಮಾಡ್ತೀರಿ ಅಂತ ನನಗೆ ಕೇಳಬೇಡಿ, ನಮ್ಮ ಅವ್ವನಿಗೆ ಬಂದು ಕೇಳಿ!

ಮೂಸಿ. ಅಷ್ಟೇ. ನರ್ಸರಿಯವರು ನಗಲಿ, ಪಕ್ಕದವರು ನೋಡಲಿ, ಬಗ್ಗಿ ಮೂಸಿ. ಹೂವು ಬಿಟ್ಟಿಲ್ಲ ಅಂದರೆ ಬಿಟ್ಟ ಮೇಲೆ ಬರುತ್ತೇನೆ ಅನ್ನಿ. ಚೀಟಿ ನಂಬಬೇಡಿ, ಫೋಟೊ ನಂಬಬೇಡಿ, ಮೂಗು ನಂಬಿ. ರಾಯಚೂರು, ಕೊಪ್ಪಳದೋರು, ಹೊಸಪೇಟೆಯೋರು, ನಿಮ್ಮ ಮನೆಯಲ್ಲಿ ಘಮ ಇರೋ ಗುಲಾಬಿ ಯಾವುದಿದೆ, ಕೆಳಗೆ ಬರೆಯಿರಿ, ಭಾನುವಾರ ಲೈವ್‌ನಲ್ಲಿ ಒಂದೊಂದೂ ಓದುತ್ತೇನೆ. ಈಗ ಕರೆಂಟ್ ಬಂತು, ಮೋಟಾರ್ ಹಾಕಬೇಕು, ಮಾಳಿಗೆ ಗಿಡಕ್ಕೆ ಬೆಳಗ್ಗಿಂದ ನೀರಿಲ್ಲ. ಬರುತ್ತೇನೆ.