ಬಿಚ್ಚಿ ನೋಡಿ, ಆಮೇಲೆ ಲೆಕ್ಕ ಹಾಕಿ: ಹಳೆ ಫೈಬರ್ ದೋಣಿಯ ರಿಪೇರಿ

ಕೇಳುಗರಿಗೆ ನಮಸ್ಕಾರ. ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆ ಹಳೆ ಫೈಬರ್ ದೋಣಿ ಇಟ್ಟುಕೊಂಡವರು, ಎಂಜಿನ್ ಕೂರಿಸುವ ಹಿಂದಿನ ಹಲಗೆ ಅಲ್ಲಾಡುತ್ತಿದೆ ಅಂತ ತಲೆ ಕೆಡಿಸಿಕೊಂಡವರು, ಇವತ್ತಿನ ಮಾತು ನಿಮಗೇ. ರೆಸಿನ್ ಅಂದರೆ ಗಟ್ಟಿಯಾಗಿ ಕೂರುವ ಅಂಟು ದ್ರವ, ಅದು ಎಷ್ಟು ತರಬೇಕು, ಅದರಲ್ಲಿ ನೆನೆಸಿ ಹಚ್ಚುವ ಗಾಜಿನ ನಾರಿನ ಹಾಸು, ಅಂದರೆ ಮ್ಯಾಟ್ ಎಷ್ಟು, ಪ್ಲೈವುಡ್ ಎಷ್ಟು? ಎಲ್ಲರೂ ಕೇಳುವುದು ಇದನ್ನೇ. ನಾನು ತಿರುಗಿ ಕೇಳುವುದೂ ಒಂದೇ. ದೋಣಿ ಬಿಚ್ಚಿದ್ದೀರಾ? ಬಿಚ್ಚಿಲ್ಲ ಅಂದರೆ ಲೆಕ್ಕ ಹಾಕಬೇಡಿ.

ಫೈಬರ್ ಕೊಳೆಯುವುದಿಲ್ಲ, ಅದರೊಳಗಿನ ಮರ ಕೊಳೆಯುತ್ತದೆ. ಬೋಲ್ಟಿನ ತೂತು, ಸ್ಕ್ರೂ ಹಾಕಿದ ಜಾಗ, ಅಲ್ಲಿಂದ ನೀರು ಮೆಲ್ಲ ಇಳಿಯುತ್ತದೆ, ಹೊರಗಿನ ಬಣ್ಣ ಮಾತ್ರ ಚಂದವೇ ಇರುತ್ತದೆ. ಹಲಸಿನಕಾಯಿ ಬೆಳೆದಿದೆಯಾ ಅಂತ ತಟ್ಟಿ ನೋಡುತ್ತೇವಲ್ಲ, ಹಾಗೇ ಸಣ್ಣ ಸುತ್ತಿಗೆಯಿಂದ ಇಡೀ ದೋಣಿ ತಟ್ಟಿಕೊಂಡು ಬನ್ನಿ. ಟಣ್ ಅಂದರೆ ಗಟ್ಟಿ, ಡಬ್ ಅಂದರೆ ಅನುಮಾನ. ಅಲ್ಲಿ ಒಳಗಿನಿಂದ ಸಣ್ಣ ಡ್ರಿಲ್ ಹಾಕಿ. ಒದ್ದೆ ಕಂದು ಪುಡಿ ಬಂದರೆ ಚಾಕ್ ಗುರುತು ಮಾಡಿ, ಒಣ ಪುಡಿ ಸಿಗುವವರೆಗೆ ಮುಂದೆ ಹೋಗಿ. ಇದು ಎಲ್ಲಿಂದ ಕತ್ತರಿಸಬೇಕು ಅಂತ ಹೇಳುತ್ತದೆ, ಅಷ್ಟೇ. ಪೂರ್ತಿ ಗೊತ್ತಾಗುವುದು ಬಿಚ್ಚಿದ ಮೇಲೆಯೇ.

ಶಿರಿಯ ಹೊಳೆಯ ಕಡೆಯವರೊಬ್ಬರ ವಿಷಯ ಹೇಳಲೇಬೇಕು. ನನ್ನನ್ನು ಕರೆಯುವ ಮೊದಲೇ ಪ್ಲೈವುಡ್ ತಂದಾಗಿತ್ತು, ರೆಸಿನ್ ಡಬ್ಬಿಯೂ ತಂದಾಗಿತ್ತು. "ಹಿಂದಿನ ಹಲಗೆ ಮಾತ್ರ ಹೋದದ್ದು ಮಾರಾಯ್ರೇ, ಬಾಕಿ ಎಲ್ಲ ಗಟ್ಟಿ ಉಂಟು" ಅಂದರು. ಸರಿ, ಹಲಗೆ ತೆಗೆದೆವು. ಅದರ ಬುಡದಲ್ಲಿ ಕೈ ಹಾಕಿದರೆ ದೋಣಿಯ ಅಡಿಯಲ್ಲಿ ಉದ್ದಕ್ಕೆ ಓಡುವ ಮರದ ಪಟ್ಟಿಗಳೂ ಮೆತ್ತಗೆ. ಮೇಲಿನ ಹಾಸು ಎಬ್ಬಿಸಿದೆವು. ಆ ಮರವನ್ನು ಕೈಯಲ್ಲಿ ಹಿಂಡಿದರೆ ನೀರು ಬಂತು! ಆಗಲೂ ಅವರು, "ಎರಡು ಇಂಚಿನ ಪಟ್ಟಿ ಅಲ್ವಾ, ಅದಕ್ಕೆ ಎಷ್ಟು ಮ್ಯಾಟ್ ಬೇಕು" ಅಂದರು. ಇಲ್ಲೇ ಎಲ್ಲರ ಲೆಕ್ಕ ತಪ್ಪುವುದು. ಪಟ್ಟಿ 5 ಸೆಂಟಿಮೀಟರ್ ಅಗಲ. ಎತ್ತರ 10, ಅದು ಎರಡು ಬದಿ. ಮ್ಯಾಟ್ ದೋಣಿಯ ಅಡಿಗೂ ಹಿಡಿಯಬೇಕಲ್ಲ, ಆಚೆ 10, ಈಚೆ 10. ಒಟ್ಟು 45 ಸೆಂಟಿಮೀಟರ್. ಉದ್ದ 5 ಮೀಟರ್ ಇದ್ದರೆ ಒಂದು ಪದರಕ್ಕೆ 2.25 ಚದರ ಮೀಟರ್, ಮೂರು ಪದರಕ್ಕೆ ಹೆಚ್ಚುಕಡಿಮೆ 7. ಒಂದೇ ಪಟ್ಟಿಗೆ! ತಂದಿದ್ದ ರೆಸಿನ್ ಎಲ್ಲಿ ಸಾಕು? ಕೆಲಸ ಶುರುವಾಗಲೇ ಇಲ್ಲ, ಅಷ್ಟರಲ್ಲಿ ಮಳೆ ಹಿಡಿಯಿತು. ಮುಂದಿನ ಬೇಸಿಗೆಗೆ ಡಬ್ಬಿ ತೆಗೆದರೆ ರೆಸಿನ್ ಗಟ್ಟಿಯಾಗಿ ಕೂತಿತ್ತು. ನಮ್ಮ ಸೆಕೆಗೆ ಅದು ಹೆಚ್ಚು ಕಾಲ ನಿಲ್ಲುವ ಸಾಮಾನೇ ಅಲ್ಲ. ಬಿಚ್ಚಿದ ಮೇಲೆ ತಂದಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಈಗ ಪೆನ್ನು ಹಿಡಿಯಿರಿ. 450 ಗ್ರಾಂ ಮ್ಯಾಟ್ ಅಂದರೆ ಒಂದು ಚದರ ಮೀಟರಿನ ತೂಕ ಅದು. ಒಂದು ಚದರ ಮೀಟರ್ ಮ್ಯಾಟಿಗೆ ಒಂದು ಕೆಜಿ ರೆಸಿನ್. ಮ್ಯಾಟ್ ಬದಲು ನೇಯ್ದ ರೋವಿಂಗ್, ಅಂದರೆ ದಪ್ಪ ಗಾಜಿನ ನೂಲಿನ ಬಟ್ಟೆ ಆದರೆ, ಬಟ್ಟೆಯ ತೂಕದಷ್ಟೇ ರೆಸಿನ್. ಹಿಂದಿನ ಹಲಗೆ 5 ಅಡಿಗೆ 2 ಅಡಿ ಇದೆ ಅಂದುಕೊಳ್ಳಿ, ಅದು ಹತ್ತಿರ ಹತ್ತಿರ ಒಂದು ಚದರ ಮೀಟರ್. ನಾಲ್ಕು ಪದರಕ್ಕೆ 4 ಕೆಜಿ, ಮೂಲೆಗಳಿಗೆ 1, ಹಲಗೆ ಅಂಟಿಸಲು 2. ಮೇಲೆ ನೂರಕ್ಕೆ 15ರಷ್ಟು ಹಾಳಾಗುವುದಕ್ಕೆ ಸೇರಿಸಿ. 8 ಕೆಜಿ ತನ್ನಿ. ಎರಡು ಪದರ ಹಲಗೆಗೆ 8ಕ್ಕೆ 4 ಅಡಿಯ ಒಂದು ಶೀಟ್ ಸಾಕು. ಅದರ ಮೇಲೆ ಐಎಸ್ 710 ಅಂತ ಮುದ್ರೆ ಇರಲಿ, ಅದು ಮರೈನ್ ಪ್ಲೈವುಡ್ಡಿನ ಗುರುತು, ಕಪಾಟಿನ ಪ್ಲೈವುಡ್ ಬೇಡವೇ ಬೇಡ.

ಸಮಯ ಕಮ್ಮಿ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಅಸಿಟೋನ್, ಬ್ರಷ್, ರೋಲರ್, ಗ್ರೈಂಡಿಂಗ್ ಡಿಸ್ಕ್, ಮಾಸ್ಕ್ ಇವನ್ನೂ ಚೀಟಿಯಲ್ಲಿ ಬರೆಯಿರಿ. ಮರ ಪೂರ್ತಿ ಒಣಗದೆ ರೆಸಿನ್ ಹಚ್ಚಬೇಡಿ, ಹಿಡಿಯುವುದಿಲ್ಲ. ರೆಸಿನ್ ಗಟ್ಟಿಯಾಗಿಸುವ ಹಾರ್ಡ್ನರ್ ಒಂದು ಕೆಜಿ ರೆಸಿನ್ನಿಗೆ 10ರಿಂದ 20 ಗ್ರಾಂ, ಬಿಸಿಲಲ್ಲಿ 10ರ ಹತ್ತಿರವೇ ಇರಲಿ. ಕೋಬಾಲ್ಟ್, ಅಂದರೆ ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ದ್ರವ, ಬೇರೆ ಬಾಟಲಿಯಲ್ಲಿ ಕೊಟ್ಟಿದ್ದರೆ ಮೊದಲು ಅದನ್ನು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡ್ನರ್. ಎರಡನ್ನೂ ನೇರವಾಗಿ ಒಂದಕ್ಕೊಂದು ಸುರಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ದಯವಿಟ್ಟು ಆ ಎರಡು ಬಾಟಲಿಗಳನ್ನು ಒಂದೇ ಕಡೆ ಇಡಬೇಡಿ. ನಮಸ್ಕಾರ.